ಸೋಂಕಿನ ವರದಿಯನ್ನು ಎಲ್ಲಿಂದ ಓದಬೇಕು?

ಪ್ರಶ್ನೆ: ಮೇಡಂ, ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದ ನನ್ನನ್ನು ಎರಡು ತಿಂಗಳಿಂದ ಸೋಂಕು ನಿಯಂತ್ರಣಕ್ಕೆ ಹಾಕಿದ್ದಾರೆ. ಬೇರೆ ಆಸ್ಪತ್ರೆಗಳಲ್ಲಿ ಸೋಂಕು ಹರಡಿದಾಗ ಪ್ರಕಟವಾದ ವರದಿಗಳನ್ನು ಓದಿ, ನಮ್ಮಲ್ಲಿ ಏನು ಬದಲಾಯಿಸಬೇಕು ಹೇಳಿ ಅಂತಾರೆ. ಓದುತ್ತಿದ್ದೇನೆ. ಆದರೆ ಎಲ್ಲದರ ಕೊನೆಗೂ ‘ಕೈ ತೊಳೆಯಿರಿ, ಸ್ವಚ್ಛತೆ ಕಾಪಾಡಿ’ ಅಂತಲೇ ಇರುತ್ತದೆ. ಹೊಸದಾಗಿ ಕಲಿಯೋದು ಏನಿದೆ?

ಉತ್ತರ: ಕೊನೆಯ ಪ್ಯಾರಾ ಬಿಡಿ, ಮಧ್ಯದ ಪುಟಗಳನ್ನು ಓದಿ. ಮೊದಲ ರೋಗಿ ಯಾವ ಹಾಸಿಗೆಯಲ್ಲಿದ್ದರು, ಅನುಮಾನ ಯಾವಾಗ ಬಂತು, ಮೊದಲು ಎಲ್ಲೆಲ್ಲಿ ಹುಡುಕಿ ಏನೂ ಸಿಗಲಿಲ್ಲ, ಇದೆಲ್ಲ ಇರುವುದು ಅಲ್ಲಿ.

ನನ್ನ ಕಣ್ಣು ತೆರೆಸಿದ್ದು ಕೆನಡಾದ ಟೊರಾಂಟೊ ಜನರಲ್ ಆಸ್ಪತ್ರೆಯ ವರದಿ. ಅಲ್ಲಿ 2004ರ ಡಿಸೆಂಬರ್‌ನಿಂದ 2006ರ ಮಾರ್ಚ್‌ವರೆಗೆ 36 ರೋಗಿಗಳಲ್ಲಿ ಔಷಧಿಗೆ ಬಗ್ಗದ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಕೂತಿದ್ದದ್ದು ಕೈ ತೊಳೆಯುವ ಸಿಂಕಿನ ಡ್ರೇನ್‌ನಲ್ಲಿ! ಹೊಳೆಯುವ ಬಣ್ಣ ಹಾಕಿ ನೋಡಿದರೆ, ಕೈ ತೊಳೆದಾಗ ಡ್ರೇನ್‌ನಲ್ಲಿದ್ದದ್ದು ಕನಿಷ್ಠ 1 ಮೀಟರ್ ದೂರ ಸಿಡಿಯುತ್ತಿತ್ತು. ಡ್ರೇನ್‌ಗೆ ಏನೇನೋ ಸುರಿದು ನೋಡಿದರು, ಆಗಲಿಲ್ಲ. ನೀರು ಸಿಡಿಯದಂತೆ ಸಿಂಕನ್ನೇ ಬದಲಾಯಿಸಿದ ಮೇಲೆ ನಿಂತಿತು.

ಓದಿದ ವಾರವೇ ನಾನೂ ನಮ್ಮ ವಾರ್ಡಿನ ಡ್ರೇನ್‌ಗೆ ಅಂಥದೇ ಬಣ್ಣ ಹಾಕಿದೆ. ರಾತ್ರಿ ಲೈಟ್ ಆರಿಸಿ, ಒಬ್ಬರು ಎಂದಿನಂತೆ ಕೈ ತೊಳೆದರು. ನಾನು ನೇರಳಾತೀತ ಟಾರ್ಚ್ ಹಿಡಿದೆ. ಇಂಜೆಕ್ಷನ್ ಟ್ರೇ ಅಂಚಿನಲ್ಲಿ, ಹತ್ತಿ ಡಬ್ಬಿಯ ಮುಚ್ಚಳದ ಮೇಲೆ ಹಳದಿ-ಹಸಿರು ಚುಕ್ಕೆಗಳು. ಅದೇ ಕಟ್ಟೆಯ ಮೇಲೆ ಎಷ್ಟು ವರ್ಷ ಔಷಧಿ ಕಲಸಿದ್ದೆ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆಯೇ ಟ್ರೇಯನ್ನು ಎದುರು ಗೋಡೆಗೆ ಸಾಗಿಸಿದೆವು, ಸಿಂಕಿಗೆ ತಡೆಗೋಡೆ ಬರಲು ಮಾತ್ರ ನಾಲ್ಕು ತಿಂಗಳು ಅಲೆಯಬೇಕಾಯಿತು. ಕೈಯನ್ನಂತೂ ತೊಳೆಯಲೇಬೇಕು. ಆದರೆ ಎಲ್ಲಿ ನಿಂತು ತೊಳೆಯುತ್ತೇವೆ, ಪಕ್ಕದಲ್ಲಿ ಏನಿದೆ ಅಂತಲೂ ನೋಡಬೇಕು, ಅಲ್ವಾ?

ಅಮೆರಿಕದ ಬೆಥೆಸ್ಡಾದಲ್ಲಿರುವ ಎನ್‌ಐಎಚ್ (ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ) ಆಸ್ಪತ್ರೆಯ 2011ರ ಘಟನೆಯನ್ನೂ ಓದಿ. ಔಷಧಿಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಇದ್ದ ಒಬ್ಬ ರೋಗಿಯನ್ನು ಪ್ರತ್ಯೇಕ ಇಟ್ಟು, ಡಿಸ್ಚಾರ್ಜ್ ಮಾಡಿದರು. ಮುಗಿಯಿತು ಅಂದುಕೊಂಡರು. ಮೂರು ವಾರಕ್ಕೆ ಇನ್ನೊಬ್ಬರಲ್ಲಿ ಕಾಣಿಸಿತು. ಒಟ್ಟು 18 ಜನಕ್ಕೆ ತಗುಲಿತು. 11 ಮಂದಿ ತೀರಿಕೊಂಡರು, ಅದರಲ್ಲಿ 6 ಸಾವು ಈ ಸೋಂಕಿನಿಂದಲೇ. ಬ್ಯಾಕ್ಟೀರಿಯಾದ ಜೀನೋಮ್ (ಪೂರ್ತಿ ವಂಶವಾಹಿ) ಪರೀಕ್ಷೆಯಲ್ಲಿ ಎಲ್ಲದರ ಮೂಲ ಆ ಮೊದಲ ರೋಗಿಯೇ ಅಂತ ಗೊತ್ತಾಯಿತು. ಮಧ್ಯೆ ಕೆಲವರು ಯಾವ ಲಕ್ಷಣವೂ ಇಲ್ಲದೆ ಅದನ್ನು ಹೊತ್ತಿದ್ದರು. ಸ್ವಚ್ಛ ಮಾಡಿಟ್ಟ ವೆಂಟಿಲೇಟರ್‌ನಲ್ಲೂ ಅದು ಸಿಕ್ಕಿತ್ತು. ನಿಮ್ಮಲ್ಲಿ ಇಂಥ ಒಂದು ಕೇಸ್ ಬಂದರೆ, ಅಕ್ಕಪಕ್ಕದ ಹಾಸಿಗೆಯವರನ್ನೂ ಪರೀಕ್ಷೆ ಮಾಡುತ್ತೀರಾ? ಇಂದೇ ಕೇಳಿ ನೋಡಿ.

ಒಂದು ಎಚ್ಚರ. ಸೋಂಕು ಹರಡುವಾಗ ಯಾರೂ ಒಂದೊಂದೇ ಕ್ರಮ ಮಾಡುತ್ತಾ ಕೂರುವುದಿಲ್ಲ, ಹತ್ತು ಒಟ್ಟಿಗೆ ಮಾಡುತ್ತಾರೆ. ಯಾವುದರಿಂದ ನಿಂತಿತು ಅಂತ ಬಿಡಿಸಿ ಹೇಳುವುದು ಕಷ್ಟ. ಸೋಂಕು ನಿಲ್ಲಿಸಿ ಗೆದ್ದವರು ವರದಿ ಬರೆಯುವುದೂ ಜಾಸ್ತಿ. ಹಾಗಾಗಿ ಅವರ ಕ್ರಮಗಳ ಪಟ್ಟಿಯನ್ನು ಸುಮ್ನೆ ನಕಲು ಮಾಡಬೇಡಿ. ಪ್ರತಿ ವರದಿಯಿಂದ, ನಿಮ್ಮ ವಾರ್ಡಿಗೆ ಹೋಗಿ ಕಣ್ಣಾರೆ ನೋಡಬಹುದಾದ ಒಂದೇ ಪ್ರಶ್ನೆ ತೆಗೆಯಿರಿ. ಹೋಗುವಾಗ ಹೌಸ್‌ಕೀಪಿಂಗ್‌ನವರನ್ನೂ ಕರೆದುಕೊಳ್ಳಿ. ಯಾವ ಡ್ರೇನ್ ಪದೇಪದೇ ಕಟ್ಟಿಕೊಳ್ಳುತ್ತದೆ ಅಂತ ಗೊತ್ತಿರುವುದು ಅವರಿಗೆ.