ಎಸ್ಪೋಸಿತೊ: ಗೋಡೆಯಾಚೆ ಇಟ್ಟ ಮಗುವಿಗೆ ಕೊಟ್ಟ ಅಡ್ಡಹೆಸರು

ಪ್ರಶ್ನೆ: ನಮ್ಮ ಸೊಸೆ ಅಮೆರಿಕದವಳು, ಅವಳ ಮುತ್ತಜ್ಜ ಇಟಲಿಯ ನೇಪಲ್ಸ್ ಕಡೆಯಿಂದ ವಲಸೆ ಬಂದವರು. ಅಡ್ಡಹೆಸರು ಎಸ್ಪೊಸಿಟೊ. ಅದಕ್ಕೆ ‘ಬಿಸಾಡಿದ ಮಗು’ ಎಂಬ ಅರ್ಥವಿದೆ ಎಂದು ಓದಿದೆ. ನಿಜವೇ? ಮೊಮ್ಮಗನಿಗೂ ಇದೇ ಹೆಸರು ಇಡುತ್ತಿದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ‘ಬಿಸಾಡಿದ’ ಎನ್ನುವುದು ಸರಿಯಲ್ಲ. ಲ್ಯಾಟಿನ್‌ನಲ್ಲಿ ‘ಎಕ್ಸ್‌ಪೊನೆರೆ’ ಎಂದರೆ ಹೊರಗಿಡುವುದು. ‘ಎಕ್ಸ್‌ಪೊಸಿತುಸ್’ ಎಂದರೆ ಹೊರಗಿಟ್ಟವನು. ಇಂದಿನ ಇಟಾಲಿಯನ್‌ನಲ್ಲಿ ಆ ಪದ ಸವೆದು ‘ಎಸ್ಪೊಸ್ತೊ’ ಆಗಿದೆ, ಅಡ್ಡಹೆಸರು ಮಾತ್ರ ಹಳೆಯ ರೂಪವನ್ನು ಉಳಿಸಿಕೊಂಡಿದೆ. ಹೇಳುವಾಗ ಒತ್ತು ‘ಪೋ’ ಮೇಲೆ ಬೀಳಬೇಕು, ಕೊನೆಯದು ‘ತ’ಕಾರ: ಎಸ್ಪೋಸಿತೊ. ಅಮೆರಿಕದಲ್ಲಿ ಒತ್ತು ‘ಸಿ’ಗೆ ಜಾರಿ, ‘ತ’ ‘ಟ’ ಆಗಿದೆ. ಮೊಮ್ಮಗನಿಗೆ ಕನ್ನಡದ ನಾಲಿಗೆ ಇದ್ದರೆ ಮೂಲದ ಉಚ್ಚಾರ ಸುಲಭವಾಗಿ ಬರುತ್ತದೆ.

ಹೊರಗಿಟ್ಟದ್ದು ಎಲ್ಲಿ ಎಂದು ತಿಳಿದರೆ ನಿಮ್ಮ ಕಸಿವಿಸಿ ಕಡಿಮೆಯಾದೀತು. ನೇಪಲ್ಸ್‌ನ ಫೋರ್ಚೆಲ್ಲಾ ಬಡಾವಣೆಯಲ್ಲಿ ಅನುನ್‌ತ್ಸಿಯಾತಾ ಎಂಬ ಧರ್ಮಸಂಸ್ಥೆಯಿದೆ. ಅದರ ಹೊರಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಯೊಳಗೆ ನಿಂತ ಅಚ್ಚಿನ ಮೇಲೆ ತಿರುಗುವ ಮರದ ಉರುಳೆ. ಉರುಳೆಯ ಒಂದು ಬದಿ ಮಾತ್ರ ತೆರೆದಿರುತ್ತಿತ್ತು. ಬೀದಿಯಲ್ಲಿ ನಿಂತವರು ಮಗುವನ್ನು ಅದರಲ್ಲಿ ಮಲಗಿಸಿ, ತಿರುಗಿಸಿ, ಗಂಟೆ ಬಾರಿಸಿ ಹೋಗುತ್ತಿದ್ದರು. ಒಳಗಿದ್ದ ಹೆಂಗಸು ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಇಟ್ಟವರ ಮುಖ ಅವಳಿಗೆ ಕಾಣಬಾರದು ಎಂದೇ ಹೀಗೆ ಕಟ್ಟಿದ್ದು. ಇದಕ್ಕೆ ‘ರುವೋತಾ’, ಅಂದರೆ ಚಕ್ರ, ಎಂದು ಹೆಸರು. ನೇಪಲ್ಸ್‌ನ ಚಕ್ರ 1875ರಲ್ಲಿ ನಿಂತಿತು, ಕಿಂಡಿಯನ್ನು ಇವತ್ತಿಗೂ ನೋಡಬಹುದು. ಅಲ್ಲಿ ಬೆಳೆದವರನ್ನು ಊರವರು ‘ಮಡೋನ್ನಳ ಮಕ್ಕಳು’, ಅಂದರೆ ಮಾತೆ ಮೇರಿಯ ಮಕ್ಕಳು, ಎಂದು ಕರೆಯುತ್ತಿದ್ದರು.

ಬಿಟ್ಟ ಮಕ್ಕಳೆಲ್ಲ ಮದುವೆಯಾಗದ ಹೆಣ್ಣುಮಕ್ಕಳವೇ ಎಂದುಕೊಳ್ಳುವುದೂ ತಪ್ಪು. ಬರ, ಕಾಯಿಲೆ, ತಾಯಿಯ ಸಾವು, ಸಾಕಲಾಗದ ಬಡತನ ಇವೆಲ್ಲ ಗಂಡಹೆಂಡಿರ ಮಕ್ಕಳನ್ನೂ ಆ ಕಿಂಡಿಗೆ ತಂದಿವೆ. ಮುಂದೆ ಗುರುತು ಹಿಡಿದು ಕರೆದೊಯ್ಯುವ ಆಸೆಯಿಂದ ಕೆಲವರು ಪದಕವನ್ನೋ ಚೀಟಿಯನ್ನೋ ಎರಡಾಗಿ ತುಂಡರಿಸಿ, ಅರ್ಧವನ್ನು ಮಗುವಿನ ಬಟ್ಟೆಗೆ ಕಟ್ಟಿ, ಇನ್ನರ್ಧ ತಮ್ಮಲ್ಲಿಟ್ಟುಕೊಳ್ಳುತ್ತಿದ್ದರು. ಅಂಥ ಅರ್ಧ ಪದಕಗಳು ಫ್ಲಾರೆನ್ಸ್‌ನ ‘ಓಸ್ಪೆದಾಲೆ ದೆಲ್ಯಿ ಇನ್ನೊಚೆಂತಿ’ ಎಂಬ ಹಳೆಯ ಅನಾಥಾಲಯದ ಸಂಗ್ರಹಾಲಯದಲ್ಲಿವೆ. ಮೊಮ್ಮಗನಿಗೆ ಹೇಳುವುದಾದರೆ ಇದನ್ನೇ ಹೇಳಿ: ಆ ಹೆಸರಿನ ಮೊದಲ ಮಗುವನ್ನು ಯಾರೋ ಎತ್ತಿಕೊಂಡರು, ಅದು ಬದುಕಿತು, ದೊಡ್ಡದಾಗಿ ಮನೆ ಕಟ್ಟಿತು. ಇಲ್ಲದಿದ್ದರೆ ಹೆಸರು ಇವನವರೆಗೆ ಬರುತ್ತಲೇ ಇರಲಿಲ್ಲ.

‘ಎಸೆದ’ ಎಂಬ ಅರ್ಥದ ಹೆಸರು ಬೇರೆಯೇ ಇದೆ, ರೋಮ್ ಕಡೆಯ ಪ್ರೊಯೆತ್ತಿ. ಫ್ಲಾರೆನ್ಸ್‌ನಲ್ಲಿ ಇಂಥ ಮಕ್ಕಳಿಗೆ ಇನ್ನೊಚೆಂತಿ, ಅಂದರೆ ಮುಗ್ಧರು ಎಂಬ ಹೆಸರು ಬಂತು. ಮಿಲಾನ್‌ನ ದೊಡ್ಡಾಸ್ಪತ್ರೆಯ ಲಾಂಛನ ಪಾರಿವಾಳ, ಹಾಗಾಗಿ ಅಲ್ಲಿ ಕೊಲೊಂಬೊ. ಆದರೆ ಕೊಲೊಂಬೊ ಹೆಸರಿಗೆ ಬೇರೆ ಮೂಲಗಳೂ ಇರುವುದರಿಂದ ಅದನ್ನು ಹೊತ್ತವರನ್ನೆಲ್ಲ ಅನಾಥರ ಸಂತತಿ ಎನ್ನಬಾರದು. ಸಿಸಿಲಿಯ ಕಡೆ ತ್ರೊವಾತೊ, ಅಂದರೆ ಸಿಕ್ಕವನು. ಎಸ್ಪೋಸಿತೊ ಹೆಸರಿನದೇ ಬಳಗದಲ್ಲಿ ಸ್ಪೋಸಿತೊ, ದೆಸ್ಪೋಸಿತೊ, ಎಸ್ಪೊಸ್ತಿ, ದೆಲ್ಯಿ ಎಸ್ಪೊಸ್ತಿ ಇವೆ. ಸ್ಪೇನ್‌ನಲ್ಲಿ ಇದೇ ಹೆಸರು ಎಕ್ಸ್‌ಪೋಸಿತೊ.

ಪ್ರಶ್ನೆ: ಇಂಟರ್‌ನೆಟ್ಟಿನಲ್ಲಿ ಎಲ್ಲಿ ನೋಡಿದರೂ ಎಸ್ಪೊಸಿಟೊಗಳೇ. ಇವರೆಲ್ಲ ಒಂದೇ ಮನೆತನದವರೇ?

ಉತ್ತರ: ಅಲ್ಲ. ಹೆಸರು ಇಷ್ಟು ಹರಡಿರುವುದೇ ಅದು ಒಂದು ಮನೆತನದ್ದಲ್ಲ ಎಂಬುದಕ್ಕೆ ಸಾಕ್ಷಿ. ಇಟಲಿಯ ಅತಿ ಸಾಮಾನ್ಯ ಅಡ್ಡಹೆಸರುಗಳಲ್ಲಿ ರೋಸ್ಸಿ, ರುಸ್ಸೊ, ಫೆರಾರಿ ಜೊತೆ ಎಸ್ಪೋಸಿತೊ ಮೊದಲ ಸಾಲಿನಲ್ಲಿದೆ. ನೇಪಲ್ಸ್‌ನಲ್ಲಂತೂ ಇದೇ ಮೊದಲು. ರೋಸ್ಸಿ, ರುಸ್ಸೊ ಎರಡೂ ಕೆಂಪು ಕೂದಲಿನಿಂದ ಬಂದವು. ಫೆರಾರಿ ಎಂದರೆ ನಮ್ಮ ಕಡೆಯ ‘ಕಂಬಾರ’ ಅಡ್ಡಹೆಸರಿನ ಹಾಗೆ ಕಬ್ಬಿಣದ ಕೆಲಸದವರು. ಊರೂರಿಗೂ ಕಮ್ಮಾರರಿದ್ದ ಹಾಗೆ, ಚಕ್ರದಲ್ಲಿ ಬಂದ ಒಂದೊಂದು ಮಗುವಿನಿಂದಲೂ ಒಂದೊಂದು ಹೊಸ ಎಸ್ಪೋಸಿತೊ ಬಳ್ಳಿ ಹುಟ್ಟಿತು. ಮಕ್ಕಳನ್ನು ಹಾಲೂಡಿಸಲು ಹಳ್ಳಿಯ ದಾದಿಯರ ಮನೆಗಳಿಗೆ ಕಳಿಸುತ್ತಿದ್ದುದರಿಂದ ಹೆಸರು ಕಂಪಾನಿಯಾ ಪ್ರಾಂತ್ಯದ ಒಳನಾಡಿಗೂ ಹಬ್ಬಿತು. 1876ರಿಂದ 1915ರವರೆಗಿನ ದೊಡ್ಡ ವಲಸೆ ಅದನ್ನು ಅಮೆರಿಕ, ಕೆನಡಾ, ಅರ್ಜೆಂಟೀನಾಗಳಿಗೆ ಒಯ್ದಿತು. ಐಸ್ ಹಾಕಿಯ ಫಿಲ್ ಮತ್ತು ಟೋನಿ ಎಸ್ಪೊಸಿಟೊ ಸೋದರರು, ನಟ ಜಿಯಾನ್‌ಕಾರ್ಲೊ ಎಸ್ಪೊಸಿಟೊ ಈ ಹೆಸರಿನವರು. 1889ರಲ್ಲಿ ರಾಣಿ ಮಾರ್ಗೆರಿತಾಳಿಗೆ ಪಿಜ್ಜಾ ಮಾಡಿಕೊಟ್ಟನೆಂಬ ಪ್ರಸಿದ್ಧ ಕಥೆಯ ರಫಾಯೆಲೆ ಎಸ್ಪೋಸಿತೊ ಕೂಡ.

ಹಾಗಾಗಿ ‘ಎಸ್ಪೊಸಿಟೊ ವಂಶದ ಲಾಂಛನ’ ಎಂದು ಚೌಕಟ್ಟು ಹಾಕಿಸಿ ಮಾರುವವರಿಗೆ ದುಡ್ಡು ಕೊಡಬೇಡಿ. ಹೆಸರಿನವರಿಗೆಲ್ಲ ಸಲ್ಲುವ ಒಂದು ಲಾಂಛನ ಇರಲು ಸಾಧ್ಯವೇ ಇಲ್ಲ.

ಪ್ರಶ್ನೆ: ಸೊಸೆಯ ವಂಶವೃಕ್ಷ ಬರೆಯಲು ಹೊರಟರೆ ಎಲ್ಲಿಂದ ಶುರುಮಾಡಬೇಕು? ಎಲ್ಲಿ ತಪ್ಪಾಗುತ್ತದೆ?

ಉತ್ತರ: ಮೊದಲು ‘ಕೊಮೂನೆ’ ಪತ್ತೆಯಾಗಬೇಕು, ಅಂದರೆ ಹುಟ್ಟಿದ ಊರಿನ ಪುರಸಭೆ. ‘ನೇಪಲ್ಸ್‌ನವರು’ ಎಂಬ ಮನೆಯ ಮಾತು ಸಾಲದು. ವಲಸೆ ಹೋದವರು ಬರಿಯ ಹಳ್ಳಿಯವರಾಗಿದ್ದರೂ ಹತ್ತಿರದ ದೊಡ್ಡ ಊರಿನ ಹೆಸರನ್ನೇ ಹೇಳುತ್ತಿದ್ದರು. ಅಮೆರಿಕದ ಪೌರತ್ವದ ಅರ್ಜಿ, ಹಡಗಿನ ಪ್ರಯಾಣಿಕರ ಪಟ್ಟಿ, ಚರ್ಚಿನ ಮದುವೆ ದಾಖಲೆ ಇವುಗಳಲ್ಲಿ ಊರು ಸಿಗುತ್ತದೆ.

ಊರು ಸಿಕ್ಕ ಮೇಲೆ ಇಟಲಿಯ ಸರ್ಕಾರಿ ದಾಖಲಾಗಾರಗಳ ‘ಆಂತೆನಾತಿ’ ಜಾಲತಾಣ. ಉಚಿತ. ನೇಪಲ್ಸ್ ರಾಜ್ಯದ ಮುಖ್ಯಭೂಮಿಯಲ್ಲಿ ಸರ್ಕಾರಿ ಜನನ-ಮರಣ ನೋಂದಣಿ 1809ರಲ್ಲಿ ಶುರುವಾಯಿತು, ಸಿಸಿಲಿಯಲ್ಲಿ 1820ರಲ್ಲಿ, ಒಂದಾದ ಇಟಲಿಯ ಬಹುಪಾಲಿನಲ್ಲಿ 1866ರಲ್ಲಿ. ಒಂದೊಂದೇ ಪುಟ ತಿರುವುವ ಮೊದಲು ಆಯಾ ವರ್ಷದ ಕೊನೆಯ ಸೂಚಿಯನ್ನು, ಇದ್ದರೆ ಹತ್ತು ವರ್ಷದ ಸೂಚಿಯನ್ನು ನೋಡಿ. ಮದುವೆಯ ದಾಖಲೆಗೆ ಲಗತ್ತಿಸಿದ ಕಾಗದಗಳನ್ನು ಬಿಡಲೇಬೇಡಿ. ವಧೂವರರ ಜನನದ ನಕಲು, ತೀರಿಕೊಂಡ ತಂದೆಯ ಮರಣದ ನಕಲು ಒಂದೇ ಕಡೆ ಸಿಕ್ಕುತ್ತವೆ. ಒಂದು ಮದುವೆಯಿಂದ ಎರಡು ತಲೆಮಾರು ಹಿಂದಕ್ಕೆ ಹೋಗಬಹುದು. ಹೆಂಗಸರನ್ನು ತವರಿನ ಅಡ್ಡಹೆಸರಿನಲ್ಲೇ ಹುಡುಕಿ. ಇಟಲಿಯಲ್ಲಿ ಮದುವೆಯಾದರೂ ದಾಖಲೆಯಲ್ಲಿ ಅದು ಬದಲಾಗುವುದಿಲ್ಲ.

ಓದುವಾಗ ಎಡವುವುದು ಸಣ್ಣ ಗುರುತುಗಳಲ್ಲಿ. ತಂದೆಯ ಹೆಸರಿಗೆ ಮೊದಲು ‘ದಿ’ ಇದ್ದರೆ ಆತ ಬದುಕಿದ್ದಾನೆ, ‘ಫು’ ಇದ್ದರೆ ತೀರಿಕೊಂಡಿದ್ದಾನೆ. ತಿಂಗಳಿನ ಜಾಗದಲ್ಲಿ 7 ಬರೆದು ಪಕ್ಕದಲ್ಲಿ ‘ಬ್ರೆ’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್ (ಸೆತ್ತೆ ಎಂದರೆ ಏಳು). 8 ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತು ಡಿಸೆಂಬರ್. ಈ ಒಂದು ತಪ್ಪಿನಿಂದ ಜನ್ಮದಿನ ಎರಡು ತಿಂಗಳು ಹಿಂದಕ್ಕೆ ಹೋಗಿಬಿಡುತ್ತದೆ.

ಇನ್ನು ಎಸ್ಪೋಸಿತೊಗೇ ಸೇರಿದ ತೊಡಕು. 19ನೇ ಶತಮಾನದ ಆರಂಭದಲ್ಲಿ, ಮುರಾ ನೇಪಲ್ಸ್‌ನ ರಾಜನಾಗಿದ್ದಾಗ, ಚಕ್ರದ ಮಕ್ಕಳಿಗೆ ಈ ಹೆಸರು ಕೊಡುವುದನ್ನು ನಿಲ್ಲಿಸಲಾಯಿತು, ಹೆಸರೇ ಹಣೆಪಟ್ಟಿಯಾಗಿಬಿಟ್ಟಿತ್ತು. ಆಮೇಲಿನ ಮಕ್ಕಳಿಗೆ ಅಧಿಕಾರಿಗಳೇ ಹೊಸ ಹೆಸರು ಕಟ್ಟಿಕೊಟ್ಟರು. ಇದರಿಂದ ಎರಡು ವಿಷಯ ತಿಳಿಯುತ್ತದೆ. ನಿಮ್ಮ ಸೊಸೆಯ ಬಳ್ಳಿಯ ಮೊದಲ ಎಸ್ಪೋಸಿತೊ ಬಹುಮಟ್ಟಿಗೆ ಸರ್ಕಾರಿ ನೋಂದಣಿಗಿಂತ ಹಿಂದಿನವನು, ಅವನನ್ನು ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲೋ ಅನುನ್‌ತ್ಸಿಯಾತಾದಂಥ ಸಂಸ್ಥೆಯ ದಾಖಲೆಯಲ್ಲೋ ಹುಡುಕಬೇಕು. ಎರಡನೆಯದು, ಬಳ್ಳಿಯಲ್ಲಿ ಬೇರೆ ವಿಚಿತ್ರ ಅಡ್ಡಹೆಸರಿನ ಅಜ್ಜನೋ ಅಜ್ಜಿಯೋ ಸಿಕ್ಕು ಪಕ್ಕದಲ್ಲಿ ‘ಜೆನಿತೋರಿ ಇನ್ಯೋತಿ’ (ತಂದೆತಾಯಿ ಗೊತ್ತಿಲ್ಲ) ಎಂದಿದ್ದರೆ ಅವರೂ ಬಹುಮಟ್ಟಿಗೆ ಚಕ್ರದ ಮಕ್ಕಳೇ. ಅಂಥವರ ಜನನದ ಬರಹವನ್ನು ಪೂರ್ತಿ ಓದಿ. ಸಿಕ್ಕ ಗಳಿಗೆ, ಮೈಮೇಲಿದ್ದ ಬಟ್ಟೆ, ಜೊತೆಯಲ್ಲಿದ್ದ ಗುರುತು ಎಲ್ಲವನ್ನೂ ಬರೆದಿರುತ್ತಾರೆ. ಮೊದಲ ಮಗುವಿನಾಚೆಗೆ ಕಾಗದ ಸಾಗುವುದಿಲ್ಲ. ಅಲ್ಲಿಂದ ಮುಂದೆ ಡಿಎನ್‌ಎ ಪರೀಕ್ಷೆಯೊಂದೇ ದಾರಿ, ಅದು ಹೊಂದುವ ಸಂಬಂಧಿಕರ ಅಡ್ಡಹೆಸರು ಬೇರೆಯೇ ಆಗಿರುತ್ತದೆ.

ಪ್ರಶ್ನೆ: ಮಂಗಳೂರಿನ ಡಿಸೋಜ, ಪಿಂಟೊ ಇವೂ ಇಟಲಿಯ ಹೆಸರುಗಳೇ? ‘ದೆಸ್ಪೋಸಿತೊ’ದಲ್ಲೂ ಅದೇ ‘ಡಿ’ ಇದೆಯಲ್ಲ.

ಉತ್ತರ: ‘ಡಿ’ ಎರಡೂ ಭಾಷೆಗೆ ಲ್ಯಾಟಿನ್‌ನಿಂದ ಬಂದದ್ದು, ಹೆಸರುಗಳು ಮಾತ್ರ ಪೋರ್ಚುಗೀಸ್. ಗೋವಾದಲ್ಲಿ ದೀಕ್ಷಾಸ್ನಾನದ ಹೊತ್ತಿಗೆ ಬಂದ ಹೆಸರುಗಳು ಅಲ್ಲಿಂದ ವಲಸೆ ಬಂದವರ ಜೊತೆ ಕರಾವಳಿಗೆ ಇಳಿದವು. ಮಂಗಳೂರಿನಲ್ಲಿ ನಿಜವಾದ ಇಟಲಿಯ ಅಡ್ಡಹೆಸರು ಕಾಣಬೇಕಾದರೆ ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಹೋಗಿ. ಅದರ ಗೋಡೆ, ಮಾಳಿಗೆಯ ಚಿತ್ರಗಳನ್ನು ಬರೆದ ಅಂತೋನಿಯೊ ಮೊಸ್ಕೇನಿ ಉತ್ತರ ಇಟಲಿಯ ಬೆರ್ಗಮೊ ಸೀಮೆಯವರು.