ಯಾವ ದರ ನಮಗೆ ಹಿತ? ಕರೆಂಟ್ ಬಿಲ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಇಡೀ ದಿನ ಒಂದೇ ದರ ಇರುವ ಯೋಜನೆಯಲ್ಲಿದ್ದೇವೆ. ಬೇಕಾದರೆ ಹೊತ್ತಿಗೊಂದು ದರದ ಯೋಜನೆಗೂ ಬರಬಹುದು ಎಂದಿದ್ದಾರೆ. ಅದರಲ್ಲಿ ರಾತ್ರಿ ದರ ಕಡಿಮೆ, ಉಳಿದ ಹೊತ್ತು ಜಾಸ್ತಿ. ಮನೆಯಲ್ಲಿ ನಾಲ್ಕು ಜನ. ಬದಲಾಯಿಸಿದರೆ ಲಾಭವೇ?

ಉತ್ತರ: ತಲೆ ಎಣಿಸಿ ಇದನ್ನು ಹೇಳಲಾಗದು. ನಿಮ್ಮ ಯೂನಿಟ್‌ಗಳಲ್ಲಿ ಎಷ್ಟು ಪಾಲು ಅಗ್ಗದ ಹೊತ್ತಿನಲ್ಲಿ ಖರ್ಚಾಗುತ್ತದೆ ಎಂಬುದೊಂದೇ ಮುಖ್ಯ. ಈಗಿನ ದರವನ್ನು 100 ಎಂದಿಟ್ಟುಕೊಳ್ಳಿ. ಹೊಸ ಯೋಜನೆಯಲ್ಲಿ ದುಬಾರಿ ಹೊತ್ತಿನ ದರ 130, ಅಗ್ಗದ ಹೊತ್ತಿನದು 80 ಎನ್ನೋಣ. 130ರಲ್ಲಿ 100 ಕಳೆದರೆ 30. 130ರಲ್ಲಿ 80 ಕಳೆದರೆ 50. ಮೂವತ್ತನ್ನು ಐವತ್ತರಿಂದ ಭಾಗಿಸಿದರೆ 0.6. ಅಂದರೆ ಶೇ. 60ರಷ್ಟು ಯೂನಿಟ್ ಅಗ್ಗದ ಹೊತ್ತಿನಲ್ಲಿ ಬಿದ್ದಾಗ ಎರಡೂ ಯೋಜನೆ ಸಮ. ತಿಂಗಳಿಗೆ 200 ಯೂನಿಟ್ ಬಳಸುವ ಮನೆಯಲ್ಲಿ 140 ಯೂನಿಟ್ ಅಗ್ಗದ ಹೊತ್ತಿಗೆ ಸರಿದರೆ ಬಳಕೆ ಶುಲ್ಕ ಶೇ. 5 ಇಳಿಯುತ್ತದೆ. ನೂರೇ ಯೂನಿಟ್ ಸರಿದರೆ ಶೇ. 5 ಏರುತ್ತದೆ. ಲಾಭ-ನಷ್ಟದ ಅಂತರ ಇಷ್ಟೇ, ಆದರೆ ನಷ್ಟದ ಕಡೆಗೆ ಜಾರುವುದು ಸುಲಭ.

ಈ ಪಾಲನ್ನು ಊಹಿಸಬೇಡಿ, ಅಳೆಯಿರಿ. ಒಂದು ವಾರ ಪೂರ್ತಿ, ಅಗ್ಗದ ಹೊತ್ತು ಶುರುವಾಗುವಾಗ ಒಮ್ಮೆ, ಮುಗಿಯುವಾಗ ಒಮ್ಮೆ ಮೀಟರ್ ರೀಡಿಂಗ್ ಬರೆದಿಡಿ. ಭಾನುವಾರವೂ ಸೇರಲಿ, ಬಟ್ಟೆ ಒಗೆಯುವುದು, ಇಸ್ತ್ರಿ ಎಲ್ಲ ಬಹಳಷ್ಟು ಮನೆಗಳಲ್ಲಿ ಅಂದೇ. ಸ್ಮಾರ್ಟ್ ಮೀಟರ್ ಇದ್ದರೆ ಅರ್ಧ ಗಂಟೆಗೊಮ್ಮೆಯ ದಾಖಲೆ ಸಿಗಬಹುದು, ಕೇಳಿ ಪಡೆಯಿರಿ.

ಆಮೇಲೆ ಯಾವುದನ್ನು ಸರಿಸಬಹುದು ಎಂದು ನೋಡಿ. ನೀರು ಕಾಯಿಸುವುದು, ವಾಷಿಂಗ್ ಮೆಷಿನ್, ನೀರೆತ್ತುವ ಮೋಟಾರ್, ವಿದ್ಯುತ್ ವಾಹನದ ಚಾರ್ಜಿಂಗ್ ಸರಿಯುತ್ತವೆ. ಅಡುಗೆ, ದೀಪ, ಟಿವಿ, ಸಂಜೆಯ ಫ್ಯಾನು ಸರಿಯುವುದಿಲ್ಲ. ಫ್ರಿಜ್ ಗಡಿಯಾರ ನೋಡುವುದೇ ಇಲ್ಲ. ವಿದ್ಯುತ್ ವಾಹನವಾಗಲಿ ದೊಡ್ಡ ಗೀಸರ್ ಆಗಲಿ ಇಲ್ಲದ ಮನೆಗೆ ಈ ಯೋಜನೆ ಸಾಮಾನ್ಯವಾಗಿ ಹೊಂದುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಬಟ್ಟೆ ಒಗೆಯುವ ಯಂತ್ರ, ಅದಕ್ಕಿಂತ ಹೆಚ್ಚಾಗಿ ಒಣಗಿಸುವ ಯಂತ್ರವನ್ನು ಎಲ್ಲರೂ ಮಲಗಿರುವಾಗ ಓಡಿಸಬೇಡಿ. ನೀರು ಸೋರಿದರೂ ಹೊಗೆ ಬಂದರೂ ಯಾರಿಗೂ ಗೊತ್ತಾಗುವುದಿಲ್ಲ. ಬೆಳಗಿನ ಜಾವ ಅಗ್ಗದ ಹೊತ್ತು ಮುಗಿಯುವ ಮೊದಲು, ಒಬ್ಬರಾದರೂ ಎದ್ದಿರುವಾಗ ಹಾಕಿ.

ಎಡವುವುದು ಹೆಚ್ಚಾಗಿ ಟೈಮರ್‌ನಲ್ಲಿ. 230 ವೋಲ್ಟ್‌ನಲ್ಲಿ 3 ಕಿಲೋವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಅದನ್ನು 10 ಆಂಪಿಯರ್‌ನ ಸ್ಮಾರ್ಟ್ ಪ್ಲಗ್‌ಗೆ ಹಾಕಿದರೆ ಒಳಗಿನ ರಿಲೇ (ಕರೆಂಟ್ ಹಾಕಿ ಆರಿಸುವ ಸ್ವಿಚ್) ಕಾದು, ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡು, ಟೈಮರ್ ಆಫ್ ಎಂದು ತೋರಿಸುತ್ತಿದ್ದರೂ ಗೀಸರ್ ಓಡುತ್ತಲೇ ಇರಬಹುದು. ಕನಿಷ್ಠ 16 ಆಂಪಿಯರ್‌ನದು ಬೇಕು. 25 ಆಂಪಿಯರ್ ಕಾಂಟ್ಯಾಕ್ಟರ್ (ಭಾರಿ ಕರೆಂಟ್ ತಾಳುವ ಸ್ವಿಚ್) ಹಾಕಿ ಅದನ್ನು ಟೈಮರಿನಿಂದ ನಡೆಸಿದರೆ ಇನ್ನೂ ನಿಶ್ಚಿಂತೆ. ಬ್ಯಾಟರಿ ಇಲ್ಲದ ಅಗ್ಗದ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತುಬಿಡುತ್ತದೆ. ಎರಡು ಗಂಟೆ ಕರೆಂಟ್ ಹೋಗಿದ್ದರೆ ಮರುದಿನ ಗೀಸರ್ ಎರಡು ಗಂಟೆ ತಡವಾಗಿ, ನೇರ ದುಬಾರಿ ಹೊತ್ತಿನಲ್ಲಿ ಶುರುವಾಗುತ್ತದೆ. ಇನ್ನೊಂದು ಗಡಿಯಾರ ಮೀಟರಿನ ಒಳಗಿದೆ. ದರ ಬದಲಾಗುವುದು ಅದರ ಪ್ರಕಾರ, ನಿಮ್ಮ ಗೋಡೆ ಗಡಿಯಾರದ ಪ್ರಕಾರವಲ್ಲ. ಮೀಟರಿನ ಪರದೆಯಲ್ಲಿ ಸಾಲುಗಳು ಸರಿಯುವಾಗ ಸಮಯವೂ ಬಂದರೆ ತಾಳೆ ನೋಡಿ. ಬಹಳ ವ್ಯತ್ಯಾಸವಿದ್ದರೆ ಬರೆದು ದೂರು ಕೊಡಿ.

ಪ್ರಶ್ನೆ: ನಾವಿಬ್ಬರೇ, ಬಳಕೆ ಕಡಿಮೆ. ಒಂದು ಯೋಜನೆಯಲ್ಲಿ ಮಾಸಿಕ ಶುಲ್ಕ ಹೆಚ್ಚು, ಯೂನಿಟ್ ದರ ಕಡಿಮೆ. ಇನ್ನೊಂದರಲ್ಲಿ ಅದರ ತಿರುಗುಮುರುಗು. ಯಾವುದು ಒಳ್ಳೆಯದು?

ಉತ್ತರ: ಮಾಸಿಕ ಶುಲ್ಕಗಳ ವ್ಯತ್ಯಾಸವನ್ನು ಯೂನಿಟ್ ದರಗಳ ವ್ಯತ್ಯಾಸದಿಂದ ಭಾಗಿಸಿ. ಶುಲ್ಕದಲ್ಲಿ 150, ದರದಲ್ಲಿ 1 ವ್ಯತ್ಯಾಸವಿದ್ದರೆ 150 ಯೂನಿಟ್ ಗಡಿ. ಅದಕ್ಕಿಂತ ಕಡಿಮೆ ಬಳಸುವವರಿಗೆ ಮಾಸಿಕ ಶುಲ್ಕ ಕಡಿಮೆ ಇರುವುದೇ ಸರಿ. ಒಂದು ತಿಂಗಳ ಬಿಲ್ ಹಿಡಿದು ತೀರ್ಮಾನಿಸಬೇಡಿ, ಹನ್ನೆರಡೂ ತಿಂಗಳದ್ದು ತೆಗೆಯಿರಿ. ಮೊದಲ ಕೆಲವು ತಿಂಗಳ ರಿಯಾಯಿತಿ ಮುಗಿದ ಮೇಲಿನ ದರ ಎಷ್ಟು, ನಡುವೆ ಬಿಟ್ಟರೆ ದಂಡ ಎಷ್ಟು, ‘ಬದಲಾಗದ ದರ’ ಎಂದರೆ ಮಾಸಿಕ ಶುಲ್ಕವೂ ಬದಲಾಗದೇ ಅಥವಾ ಯೂನಿಟ್ ದರ ಮಾತ್ರವೇ, ಈ ಮೂರನ್ನೂ ಬರಹದಲ್ಲಿ ಪಡೆಯಿರಿ.

ಪ್ರಶ್ನೆ: ಹೊಸದೇನೂ ಕೊಂಡಿಲ್ಲ. ಆದರೂ ಬಿಲ್ ಒಮ್ಮೆಲೇ ಏರಿದೆ. ಮೀಟರ್ ಕೆಟ್ಟಿದೆಯೇ?

ಉತ್ತರ: ಮೀಟರನ್ನು ಕೊನೆಗೆ ಅನುಮಾನಿಸಿ. ಮೊದಲು ಬಿಲ್ಲಿನಲ್ಲಿ ಎರಡು ರೀಡಿಂಗ್‌ಗಳ ನಡುವಿನ ದಿನ ಎಣಿಸಿ. 30ರ ಬದಲು 36 ದಿನ ಇದ್ದರೆ ಶೇ. 20 ಅಲ್ಲೇ ಹೆಚ್ಚಾಯಿತು. ಸ್ಲ್ಯಾಬ್ ದರವಿದ್ದರೆ (ಬಳಕೆ ಒಂದೊಂದು ಮಿತಿ ದಾಟಿದಂತೆ ಏರುವ ದರ) ದಿನ ಹೆಚ್ಚಾದಂತೆ ಸ್ಲ್ಯಾಬಿನ ಮಿತಿಯೂ ಅದೇ ಪ್ರಮಾಣದಲ್ಲಿ ಹಿಗ್ಗಿದೆಯೇ ನೋಡಿ. ಹಿಗ್ಗದಿದ್ದರೆ ನೀವು ದಾಟದ ಸ್ಲ್ಯಾಬಿಗೆ ಹಣ ಕಟ್ಟುತ್ತಿದ್ದೀರಿ. ಹಿಂದಿನ ತಿಂಗಳು ಬಾಗಿಲು ಹಾಕಿತ್ತೆಂದು ಅಂದಾಜು ರೀಡಿಂಗ್ ಬರೆದಿದ್ದರೆ ಈ ಬಾರಿ ಬಾಕಿ ಯೂನಿಟ್‌ಗಳು ಒಟ್ಟಿಗೆ ಬಂದಿರುತ್ತವೆ. ಬಿಲ್ಲಿನ ‘ಈಗಿನ ರೀಡಿಂಗ್’ ಇವತ್ತಿನ ಮೀಟರ್ ರೀಡಿಂಗ್‌ಗಿಂತ ಹೆಚ್ಚಿದ್ದರೆ ಓದಿದವರದ್ದೇ ತಪ್ಪು, ಫೋಟೊ ತೆಗೆದು ಕಳಿಸಿ.

ಯೂನಿಟ್ ಅಷ್ಟೇ ಇದ್ದು ಹಣ ಮಾತ್ರ ಏರಿದ್ದರೆ ಕಾರಣ ಇಂಧನ ಹೊಂದಾಣಿಕೆ ಶುಲ್ಕ, ತೆರಿಗೆ ಅಥವಾ ಸ್ಲ್ಯಾಬಿನ ದರ, ಮಿತಿ ಬದಲಾಗಿರುವುದು. ಸ್ಲ್ಯಾಬ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಮಿತಿ ದಾಟಿದ ಯೂನಿಟ್‌ಗಳಿಗೆ ಮಾತ್ರ ಹೆಚ್ಚಿನ ದರ. ಇನ್ನೊಂದರಲ್ಲಿ ಒಂದು ಯೂನಿಟ್ ದಾಟಿದರೂ ಬಳಸಿದ ಎಲ್ಲ ಯೂನಿಟ್‌ಗಳಿಗೂ ಹೆಚ್ಚಿನ ದರ. ಎರಡನೆಯದಾದರೆ ತಿಂಗಳ ಕೊನೆಯ ವಾರ ಮೀಟರ್ ಮೇಲೆ ಕಣ್ಣಿರಲಿ. ಹೇಗಿದ್ದರೂ, ಉಳಿತಾಯದ ಲೆಕ್ಕ ಹಾಕುವಾಗ ಬಿಲ್ಲಿನ ಸರಾಸರಿ ದರ ಹಿಡಿಯಬೇಡಿ. ನೀವು ಉಳಿಸುವ ಯೂನಿಟ್ ಯಾವಾಗಲೂ ತುತ್ತತುದಿಯದು, ಅದರ ಬೆಲೆ ಕೊನೆಯ ಸ್ಲ್ಯಾಬಿನದು.

ಪ್ರಶ್ನೆ: ಎಲ್ಲ ಸ್ವಿಚ್ ಆರಿಸಿದರೂ ಮೀಟರಿನ ಕೆಂಪು ದೀಪ ಮಿನುಗುತ್ತಲೇ ಇರುತ್ತದೆ. ಏನು ಎಳೆಯುತ್ತಿದೆ ಎಂದು ಹಿಡಿಯುವುದು ಹೇಗೆ?

ಉತ್ತರ: ಆ ದೀಪವೇ ಒಳ್ಳೆಯ ಅಳತೆಗೋಲು. ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಇಂಪಲ್ಸ್ ಎಂದು ಅಚ್ಚಾಗಿರುತ್ತದೆ: 1000, 1600, 3200, ಹೀಗೆ. ಒಂದು ಮಿನುಗು ಎಂದರೆ ಒಂದು ಇಂಪಲ್ಸ್. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಲ್ಲಿ. ಮೊದಲ ಮಿನುಗಿಗೆ ಸೊನ್ನೆ ಎನ್ನಿ, ಒಂದು ಎನ್ನಬೇಡಿ. ಎಲ್ಲರೂ ತಪ್ಪುವುದು ಇಲ್ಲೇ. ಹತ್ತು ಎನ್ನುವಾಗ ವಾಚ್ ನಿಲ್ಲಿಸಿ, ಬಂದ ಸೆಕೆಂಡುಗಳನ್ನು ಹತ್ತರಿಂದ ಭಾಗಿಸಿ. 3200ರ ಮೀಟರಾದರೆ 1125 ಅನ್ನು ಆ ಸಂಖ್ಯೆಯಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 1600ಕ್ಕೆ 2250, 1000ಕ್ಕೆ 3600. ಹತ್ತು ಮಿನುಗಿಗೆ 75 ಸೆಕೆಂಡ್ ಹಿಡಿಯಿತು ಎನ್ನಿ. ಒಂದಕ್ಕೆ 7.5, 1125 ಭಾಗ 7.5 ಅಂದರೆ 150 ವ್ಯಾಟ್. ಯಾರೂ ಬಳಸದ ಈ 150 ವ್ಯಾಟ್ ದಿನಕ್ಕೆ 3.6 ಯೂನಿಟ್, ತಿಂಗಳಿಗೆ 108.

ಫ್ರಿಜ್ ಪ್ಲಗ್ ತೆಗೆದು ಅಳೆಯಿರಿ, ಇಲ್ಲದಿದ್ದರೆ ಕಂಪ್ರೆಸರ್ ಶುರುವಾದಾಗೊಂದು, ನಿಂತಾಗೊಂದು ಲೆಕ್ಕ ಬರುತ್ತದೆ. ಆಮೇಲೆ ಒಂದೊಂದೇ ಎಂಸಿಬಿ (ಫಲಕದಲ್ಲಿ ಒಂದೊಂದು ಸಾಲನ್ನು ಆರಿಸುವ ಸ್ವಿಚ್) ಇಳಿಸುತ್ತಾ ಹೋಗಿ. ಯಾವುದನ್ನು ಇಳಿಸಿದಾಗ ಮಿನುಗು ನಿಧಾನವಾಯಿತೋ ಕಳ್ಳ ಆ ಸಾಲಿನಲ್ಲಿದ್ದಾನೆ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಸೆಟ್‌ಟಾಪ್ ಬಾಕ್ಸ್, ಗೋಡೆಯಲ್ಲೇ ಉಳಿದ ಅಡಾಪ್ಟರ್‌ಗಳು, ವೈಫೈ ಪೆಟ್ಟಿಗೆ, ಮತ್ತು ಬ್ಯಾಟರಿ ಹಳತಾಗಿ ಚಾರ್ಜ್ ತುಂಬುವುದೇ ಮುಗಿಯದ ಇನ್ವರ್ಟರ್. ಒಂದು ವ್ಯಾಟ್ ವರ್ಷಪೂರ್ತಿ ಎಳೆದರೆ 8.76 ಯೂನಿಟ್ ಎಂಬುದು ನೆನಪಿರಲಿ. ಮೊಬೈಲ್ ಚಾರ್ಜರ್ ಖಾಲಿ ನಿಂತಾಗ ಎಳೆಯುವುದು ಲೆಕ್ಕಕ್ಕೇ ಬಾರದಷ್ಟು. ಅದರ ಹಿಂದೆ ಬೀಳಬೇಡಿ.

ಮೇನ್ ಸ್ವಿಚ್ಚನ್ನೇ ಆರಿಸಿದ ಮೇಲೂ ಮಿನುಗಿದರೆ ವಿಷಯ ಬೇರೆ. ಮೀಟರ್ ಮತ್ತು ಮೇನ್ ನಡುವೆ ಯಾರೋ ತಂತಿ ಎಳೆದಿರಬಹುದು, ಅಥವಾ ಮೀಟರೇ ಕೆಟ್ಟಿರಬಹುದು. ಕೆಲವು ಮೀಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡರ ಕರೆಂಟನ್ನೂ ಅಳೆದು, ಹೆಚ್ಚಿರುವುದನ್ನು ಹಿಡಿಯುತ್ತವೆ. ಮೇಲಿನ ಮಹಡಿಯ ನ್ಯೂಟ್ರಲ್ ನಿಮ್ಮದರ ಜತೆ ಸೇರಿಕೊಂಡಿದ್ದರೆ ಅವರ ಬಳಕೆ ನಿಮ್ಮ ಮೀಟರಿನಲ್ಲೂ ಓಡುತ್ತದೆ. ಇದು ಎಲೆಕ್ಟ್ರಿಷಿಯನ್ ಕೆಲಸ, ನೀವು ಕೈ ಹಾಕಬೇಡಿ. ಅಲ್ಲಿಯೂ ಏನೂ ಸಿಗದಿದ್ದರೆ ಚೆಕ್ ಮೀಟರ್ (ಹೋಲಿಸಿ ನೋಡಲು ಜತೆಗೆ ಹಾಕುವ ಇನ್ನೊಂದು ಮೀಟರ್) ಹಾಕಿಸಲು ಅರ್ಜಿ ಕೊಡಿ.

ಪ್ರಶ್ನೆ: ಪ್ಲಗ್‌ಗೆ ಸಿಕ್ಕಿಸುವ ‘ಪವರ್ ಸೇವರ್’ ಡಬ್ಬಿ ಬಿಲ್ ಇಳಿಸುತ್ತದೆಯೇ?

ಉತ್ತರ: ಇಲ್ಲ. ಒಳಗಿರುವುದು ಒಂದು ಕೆಪಾಸಿಟರ್, ಒಂದು ಎಲ್‌ಇಡಿ. ಅದು ತಂತಿಯಲ್ಲಿ ಹರಿಯುವ ಆಂಪಿಯರ್ ಕಡಿಮೆ ಮಾಡಿ ತೋರಿಸಬಹುದು, ಆದರೆ ಮನೆಯ ಬಿಲ್ ಕಿಲೋವ್ಯಾಟ್-ಅವರ್, ಅಂದರೆ ಯೂನಿಟ್ ಲೆಕ್ಕದಲ್ಲಿದ್ದಾಗ ಆ ಇಳಿಕೆಗೆ ಬೆಲೆಯೇ ಇಲ್ಲ. ಮೇಲಾಗಿ ಆ ಎಲ್‌ಇಡಿ ಕೂಡ ನಿಮ್ಮ ಮೀಟರಿನಿಂದಲೇ ಉರಿಯುತ್ತದೆ.

ಪ್ರಶ್ನೆ: ಗೀಸರ್ ಆರಿಸಿ ಮತ್ತೆ ಹಾಕಿದರೆ ಹೆಚ್ಚು ಕರೆಂಟ್ ಎಂದು ನಮ್ಮ ಮಾವನವರು ಇಡೀ ದಿನ ಹಾಕಿಯೇ ಇಡುತ್ತಾರೆ. ಸರಿಯೇ?

ಉತ್ತರ: ಗೌರವದಿಂದಲೇ ಹೇಳಬೇಕು, ಸರಿಯಲ್ಲ. ಲೀಟರನ್ನು ಏರಿಸಬೇಕಾದ ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿದರೆ ಯೂನಿಟ್ ಬರುತ್ತದೆ. 25 ಲೀಟರ್ ನೀರನ್ನು 35 ಡಿಗ್ರಿ ಏರಿಸಲು ಸುಮಾರು 1 ಯೂನಿಟ್, 2 ಕಿಲೋವ್ಯಾಟ್ ಗೀಸರಿಗೆ ಅರ್ಧ ಗಂಟೆ. ಆರಿಸಿ ಹಾಕಿದರೂ ಇದು ಇಷ್ಟೇ. ಹಾಕಿಯೇ ಇಟ್ಟರೆ ಇದರ ಮೇಲೆ, ಟ್ಯಾಂಕಿನ ಮೈಯಿಂದ ಹೊರಗೆ ಹೋಗುವ ಶಾಖವನ್ನು ದಿನವಿಡೀ ತುಂಬುತ್ತಿರಬೇಕು. ಅದು ಎಷ್ಟೆಂದು ಮಾವನವರಿಗೆ ತೋರಿಸಬೇಕಾದರೆ ಉಳಿದ ಎಂಸಿಬಿಗಳನ್ನು ಇಳಿಸಿ, ನೀರು ಬಳಸದೆ ಗೀಸರೊಂದನ್ನೇ ನಾಲ್ಕು ಗಂಟೆ ಬಿಟ್ಟು ರೀಡಿಂಗ್ ನೋಡಿ. ಶುರುವಿನ ರೀಡಿಂಗ್ ನೀರು ಕಾದು ಗೀಸರ್ ನಿಂತ ಮೇಲೆ ತೆಗೆಯಬೇಕು. ಥರ್ಮೋಸ್ಟಾಟ್ 60ಕ್ಕೆ ಇರಲಿ. ಅದಕ್ಕಿಂತ ಬಹಳ ತಗ್ಗಿಸಿ ನೀರನ್ನು ಬೆಚ್ಚಗಷ್ಟೇ ನಿಲ್ಲಿಸಿಟ್ಟರೆ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಎಲಿಮೆಂಟ್‌ಗೆ ಬಿಳಿ ಪದರ ಕಟ್ಟಿದರೆ ಯೂನಿಟ್ ಹೆಚ್ಚುತ್ತದೆ ಎಂಬ ಮಾತಿದೆ. ಎಲಿಮೆಂಟ್ ನೀರಿನೊಳಗೇ ಇರುವುದರಿಂದ ಅದರ ಶಾಖವೆಲ್ಲ ಕೊನೆಗೆ ನೀರಿಗೇ ಸೇರುತ್ತದೆ. ಪದರದೊಳಗೆ ಎಲಿಮೆಂಟ್ ಅತಿಯಾಗಿ ಕಾದು ಸುಟ್ಟುಹೋಗುವುದೇ ನಿಜವಾದ ನಷ್ಟ.

ಪ್ರಶ್ನೆ: ಮಂಜೂರಾದ ಲೋಡ್ (ನಮ್ಮ ಸಂಪರ್ಕಕ್ಕೆ ಒಪ್ಪಿದ ಗರಿಷ್ಠ ಕಿಲೋವ್ಯಾಟ್) ಇಳಿಸಿದರೆ ನಿಗದಿತ ಶುಲ್ಕ ಕಡಿಮೆಯಾಗುತ್ತದಂತೆ. ಮನೆಯ ಉಪಕರಣಗಳನ್ನೆಲ್ಲ ಕೂಡಿದರೆ 8 ಕಿಲೋವ್ಯಾಟ್ ಆಗುತ್ತದೆ. ಇಳಿಸಬಹುದೇ?

ಉತ್ತರ: ಕೂಡಿದ ಮೊತ್ತ ಮುಖ್ಯವಲ್ಲ, ಎಲ್ಲವೂ ಒಟ್ಟಿಗೆ ಓಡುವುದಿಲ್ಲ. ಗರಿಷ್ಠ ಬೇಡಿಕೆಯನ್ನು ಮೀಟರ್ ಸಾಮಾನ್ಯವಾಗಿ 15 ಅಥವಾ 30 ನಿಮಿಷದ ಸರಾಸರಿಯಾಗಿ ದಾಖಲಿಸುತ್ತದೆ. 2 ಕಿಲೋವ್ಯಾಟ್ ಕೆಟಲ್ 5 ನಿಮಿಷ ಓಡಿದರೆ 30 ನಿಮಿಷದ ಲೆಕ್ಕದಲ್ಲಿ ಅದು 0.33 ಕಿಲೋವ್ಯಾಟ್ ಅಷ್ಟೆ. ಗೀಸರ್ ಪೂರ್ತಿ ಅರ್ಧ ಗಂಟೆ ಓಡುವುದರಿಂದ ಪೂರ್ತಿ 2 ಕಿಲೋವ್ಯಾಟ್ ಲೆಕ್ಕಕ್ಕೆ ಬರುತ್ತದೆ. ಹನ್ನೆರಡು ತಿಂಗಳ ಗರಿಷ್ಠ ಬೇಡಿಕೆಗಳಲ್ಲಿ ಅತಿ ದೊಡ್ಡದನ್ನು ಹಿಡಿದು, ಮೇಲೆ ಅರ್ಧ ಕಿಲೋವ್ಯಾಟ್ ಬಿಟ್ಟು ಅಷ್ಟಕ್ಕೆ ಅರ್ಜಿ ಹಾಕಿ. ಎಸಿ ಅಥವಾ ವಿದ್ಯುತ್ ವಾಹನ ಕೊಳ್ಳುವ ಯೋಚನೆ ಇದ್ದರೆ ಈಗ ಇಳಿಸಬೇಡಿ. ಮಂಜೂರಾದುದನ್ನು ಮೀರಿದರೆ ದಂಡ ಬೀಳಬಹುದು, ಮತ್ತೆ ಏರಿಸುವಾಗ ಠೇವಣಿಯನ್ನೂ ಕೇಳಬಹುದು.

ಪ್ರಶ್ನೆ: ಹಳೆಯ ಸೀಲಿಂಗ್ ಫ್ಯಾನುಗಳನ್ನು ಬಿಎಲ್‌ಡಿಸಿಗೆ (ಬ್ರಶ್ ಇಲ್ಲದ ಡಿಸಿ ಮೋಟಾರಿನ ಫ್ಯಾನಿಗೆ) ಬದಲಾಯಿಸಲೇ?

ಉತ್ತರ: ದಿನಕ್ಕೆ ಹತ್ತು-ಹನ್ನೆರಡು ಗಂಟೆ ತಿರುಗುವ ಫ್ಯಾನನ್ನು ಬದಲಾಯಿಸಿ, ಅತಿಥಿಗಳ ಕೋಣೆಯದನ್ನು ಬಿಡಿ. ಹಳೆಯದು 75 ವ್ಯಾಟ್, ಹೊಸದು 30 ವ್ಯಾಟ್ ಎಂದುಕೊಂಡರೆ 12 ಗಂಟೆಗೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು, ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಅದನ್ನು ನಿಮ್ಮ ಕೊನೆಯ ಸ್ಲ್ಯಾಬ್ ದರದಿಂದ ಗುಣಿಸಿ, ಬಂದ ಮೊತ್ತದಿಂದ ಫ್ಯಾನಿನ ಬೆಲೆಯನ್ನು ಭಾಗಿಸಿದರೆ ಎಷ್ಟು ತಿಂಗಳಲ್ಲಿ ಹಣ ಹುಟ್ಟುತ್ತದೆ ಎಂದು ತಿಳಿಯುತ್ತದೆ. ಅಳವಡಿಸುವಾಗ ಗೋಡೆಯ ಹಳೆಯ ರೆಗ್ಯುಲೇಟರ್ ತೆಗೆಸಿ, ನೇರ ಸ್ವಿಚ್‌ನಿಂದ ಸಂಪರ್ಕ ಕೊಡಿಸಿ. ರೆಗ್ಯುಲೇಟರ್ ಮೂಲಕ ಹೋದ ಕರೆಂಟಿಗೆ ಫ್ಯಾನಿನ ಒಳಗಿನ ಸರ್ಕ್ಯೂಟ್ ಕೆಡಬಹುದು, ಆಗ ವಾರಂಟಿಯೂ ಸಿಗುವುದು ಕಷ್ಟ.