ಎರಡರಲ್ಲೂ ಮುಂದಿರುವ ದೇಶ ಒಂದನ್ನೇಕೆ ಕೊಳ್ಳಬೇಕು?

ಪ್ರಶ್ನೆ: ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಉದಾಹರಣೆಯಲ್ಲಿ ಪೋರ್ಚುಗಲ್ ಬಟ್ಟೆ, ವೈನ್ ಎರಡನ್ನೂ ಇಂಗ್ಲೆಂಡಿಗಿಂತ ಕಡಿಮೆ ಆಳುಗಳಲ್ಲಿ ತಯಾರಿಸುತ್ತದೆ. ಹಾಗಿದ್ದೂ ಬಟ್ಟೆಯನ್ನು ಇಂಗ್ಲೆಂಡಿನಿಂದ ಕೊಂಡರೆ ನಷ್ಟವಲ್ಲವೇ?

ಉತ್ತರ: ಅಲ್ಲ, ಲಾಭವೇ. ಅವರ ಲೆಕ್ಕದಲ್ಲಿ ಒಂದು ಪಾಲು ವೈನಿಗೆ ಪೋರ್ಚುಗಲ್‌ನಲ್ಲಿ ವರ್ಷಕ್ಕೆ 80 ಆಳು, ಬಟ್ಟೆಗೆ 90. ಇಂಗ್ಲೆಂಡಿನಲ್ಲಿ ವೈನಿಗೆ 120, ಬಟ್ಟೆಗೆ 100. ಎರಡು ದೇಶಗಳ ಆಳುಗಳನ್ನು ಹೋಲಿಸಿದರೆ ಗೊತ್ತಾಗುವುದು ನಿರಪೇಕ್ಷ ಅನುಕೂಲ ಮಾತ್ರ, ಅಂದರೆ ಯಾರು ಕಡಿಮೆ ಆಳುಗಳಲ್ಲಿ ತಯಾರಿಸುತ್ತಾರೆ ಎಂಬುದು. ವ್ಯಾಪಾರವನ್ನು ನಿರ್ಧರಿಸುವುದು ಅವಕಾಶ ವೆಚ್ಚ, ಅಂದರೆ ಒಂದನ್ನು ಮಾಡಲು ಇನ್ನೊಂದನ್ನು ಎಷ್ಟು ಬಿಡಬೇಕು ಎಂಬುದು. ಒಂದು ಪಾಲು ವೈನಿಗಾಗಿ ಪೋರ್ಚುಗಲ್ ಬಿಡುವುದು 80/90, ಸುಮಾರು 0.89 ಪಾಲು ಬಟ್ಟೆ. ಇಂಗ್ಲೆಂಡ್ ಬಿಡುವುದು 1.2 ಪಾಲು. ಬಟ್ಟೆಯ ಅವಕಾಶ ವೆಚ್ಚ ಇವುಗಳ ವಿಲೋಮ. ಆದ್ದರಿಂದ ಎರಡರಲ್ಲೂ ತುಲನಾತ್ಮಕ ಅನುಕೂಲ, ಅಂದರೆ ಇನ್ನೊಬ್ಬರಿಗಿಂತ ಕಡಿಮೆ ಅವಕಾಶ ವೆಚ್ಚ, ಒಂದೇ ದೇಶಕ್ಕೆ ದಕ್ಕುವುದು ಸಾಧ್ಯವೇ ಇಲ್ಲ.

ಪಾಲಿಗೆ ಪಾಲು ಬದಲಾಯಿಸಿಕೊಂಡರು ಎನ್ನಿ. ಪೋರ್ಚುಗಲ್ 80 ಆಳುಗಳ ವೈನ್ ಕೊಟ್ಟು, ತಾನೇ ನೇಯ್ದರೆ 90 ಆಳು ಬೇಕಿದ್ದ ಬಟ್ಟೆ ಪಡೆಯುತ್ತದೆ. ಅದಕ್ಕೆ 10 ಆಳು, ಇಂಗ್ಲೆಂಡಿಗೆ 20 ಆಳು ಉಳಿತಾಯ. ಒಂದು ಪಾಲು ವೈನಿಗೆ 0.89ರಿಂದ 1.2 ಪಾಲು ಬಟ್ಟೆಯ ನಡುವೆ ದರ ಎಲ್ಲಿ ಕುದುರಿದರೂ ಎರಡಕ್ಕೂ ಲಾಭ. ಸಾಗಣೆ ವೆಚ್ಚ ಏರಿದಷ್ಟೂ ಈ ಅಂತರ ಕಿರಿದಾಗುತ್ತದೆ.

ಒಂದು ಎಚ್ಚರಿಕೆ: ನೇಕಾರ ನಾಳೆಯೇ ದ್ರಾಕ್ಷಿ ತೋಟಕ್ಕೆ ಹೋಗಿ ದುಡಿಯಬಲ್ಲ ಎಂದು ಈ ಲೆಕ್ಕ ಭಾವಿಸುತ್ತದೆ. ದೇಶಕ್ಕೆ ಒಟ್ಟಾರೆ ಲಾಭವಾದಾಗಲೂ ಕೆಲಸ ಕಳೆದುಕೊಂಡ ಆ ನೇಕಾರನ ನಷ್ಟ ನಿಜವಾದದ್ದೇ. ಪಾಠ ಮಾಡುವವರು ಇದನ್ನು ಬಿಟ್ಟು ಮುಂದೆ ಹೋಗಬಾರದು.

ಪ್ರಶ್ನೆ: ಒಬ್ಬರು ಗಂಟೆಗೆ 6 ಪುಟ ಟೈಪ್ ಅಥವಾ 2 ಪುಟ ಅನುವಾದ ಮಾಡುತ್ತಾರೆ; ಇನ್ನೊಬ್ಬರು 4 ಪುಟ ಟೈಪ್ ಅಥವಾ 1 ಪುಟ ಅನುವಾದ. ಮೇಲಿನಂತೆಯೇ ಭಾಗಿಸಿದೆ, ಅನುವಾದ ಎರಡನೆಯವರಿಗೆ ಬಂತು. ಉತ್ತರ ತಪ್ಪಂತೆ, ಏಕೆ?

ಉತ್ತರ: ರಿಕಾರ್ಡೊ ಕೊಟ್ಟದ್ದು ಒಂದು ಪಾಲಿಗೆ ತಗಲುವ ಶ್ರಮ, ಇಲ್ಲಿರುವುದು ಒಂದು ಗಂಟೆಯ ಉತ್ಪನ್ನ. ಶ್ರಮದ ಕೋಷ್ಟಕದಲ್ಲಿ ಯಾವ ವಸ್ತುವಿನ ವೆಚ್ಚ ಬೇಕೋ ಅದರ ಅಂಕಿ ಭಿನ್ನರಾಶಿಯಲ್ಲಿ ಮೇಲೆ ಬರುತ್ತದೆ, ಉತ್ಪನ್ನದ ಕೋಷ್ಟಕದಲ್ಲಿ ಕೆಳಗೆ. ನೀವು 2/6 ಮತ್ತು 1/4 ಹೋಲಿಸಿದ್ದೀರಿ. ಹೋಲಿಸಬೇಕಾದ್ದು 6/2 ಮತ್ತು 4/1. ಸೂತ್ರ ಮರೆತರೆ ಬಾಯಿಬಿಟ್ಟು ಹೇಳಿಕೊಳ್ಳಿ: ‘2 ಪುಟ ಅನುವಾದಕ್ಕೆ 6 ಪುಟ ಟೈಪಿಂಗ್ ಹೋಯಿತು, ಹಾಗಾದರೆ ಒಂದು ಪುಟಕ್ಕೆ 3.’ ಎರಡನೆಯವರಿಗೆ ಅದು 4. ಆದ್ದರಿಂದ ಅನುವಾದ ಮೊದಲನೆಯವರಿಗೆ, ಟೈಪಿಂಗ್ ಎರಡನೆಯವರಿಗೆ.

ಪ್ರಶ್ನೆ: ಕಟ್ಟಿಯಾದ, ವಾಪಸ್ ಬಾರದ ಶುಲ್ಕವನ್ನು ಅವಕಾಶ ವೆಚ್ಚಕ್ಕೆ ಸೇರಿಸಬೇಕೇ?

ಉತ್ತರ: ಬೇಡ. ಈಗ ಏನೇ ಆರಿಸಿದರೂ ಅದು ಮರಳುವುದಿಲ್ಲ. ಬಿಟ್ಟುಬಿಟ್ಟ ಎಲ್ಲ ಆಯ್ಕೆಗಳನ್ನು ಕೂಡಿಸಲೂಬೇಡಿ. ಅವುಗಳಲ್ಲಿ ಅತ್ಯುತ್ತಮವಾದ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.